ಖಾಲಿ ಕೋಣೆಯ ಉಸಿರು

ಸಿನಿಮಾಕ್ಕೆ ಪ್ರಶಸ್ತಿ ಬಂದ ಮರುದಿನ ಬೆಳಿಗ್ಗೆ, ಅದಕ್ಕೆ ಉಡುಪು ಹೊಲಿದಿದ್ದ ವಿಧವೆ ಅದರ ಧ್ವನಿ ದಾಖಲಿಸಿದವನ ಕೋಣೆಯ ಬಾಗಿಲನ್ನು ತಟ್ಟದೆಯೇ ತಳ್ಳಿದಳು.

"ಸಿನಿಮಾದಲ್ಲಿ ಸತ್ತ ಮಗನ ಕೋಣೇಲಿ ಆ ತಾಯಿ ಒಬ್ಬಳೇ ಕೂತಿರ್ತಾಳಲ್ಲ, ಅಲ್ಲಿ ಉಸಿರಾಡೋದು ಯಾರು?"

"ನಟಿ," ಎಂದ ಅವನು.

"ನನ್ನ ಕಿವಿ ಮೇಲೆ ಹೂ ಇಡಬೇಡಿ. ಹನ್ನೊಂದು ವರ್ಷ ಆ ಉಸಿರಿನ ಪಕ್ಕ ಮಲಗಿದೀನಿ."

ಅವನು ತಲೆ ತಗ್ಗಿಸಿದ. ಚಿತ್ರೀಕರಣ ಮುಗಿದ ಪ್ರತಿ ಕೋಣೆಯಲ್ಲೂ ಎಲ್ಲರೂ ಅಲುಗಾಡದೆ ನಿಂತು, ಆ ಕೋಣೆಯ ಒಂದು ನಿಮಿಷದ ಮೌನವನ್ನು ದಾಖಲಿಸುವುದು ಅವರ ಕೆಲಸದ ಪದ್ಧತಿ. ಮಾತಿನ ನಡುವಿನ ಸಂದುಗಳಿಗೆ ಅದನ್ನು ತುಂಬುತ್ತಾರೆ. ಮಗನ ಕೋಣೆಯಲ್ಲಿ ಅವನು ಅದನ್ನು ಮರೆತಿದ್ದ; ಸೆಟ್ ಕಳಚಿಯೂ ಆಗಿತ್ತು. ಕೊನೆಗೆ ತನಗೆ ಕೆಲಸ ಕಲಿಸಿದ ಮೇಷ್ಟ್ರು, ಎಂದರೆ ಅವಳ ಗಂಡ, ಹಿಂದೆಂದೋ ದಾಖಲಿಸಿದ್ದ ಮೌನವೊಂದನ್ನು ಹುಡುಕಿ ಹಾಕಿದ್ದ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಗಿತ್ತು.

"ಟೇಪಿನ ಮೇಲೆ 'ಖಾಲಿ ಕೋಣೆ' ಅಂತ ಬರೆದಿತ್ತು," ಎಂದ.

"ಅವರು ಯಾವತ್ತು ತಮ್ಮನ್ನ ಲೆಕ್ಕಕ್ಕೆ ತಗೊಂಡಿದ್ರು?" ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. "ಗೊತ್ತಾದ ಮೇಲೂ ಯಾಕೆ ತೆಗೀಲಿಲ್ಲ?"

"ಎರಡನೇ ಸಲ ಅವರನ್ನ ಕಳಿಸೋಕೆ ಕೈ ಬರಲಿಲ್ಲ. ಮತ್ತೆ..."

"ಮತ್ತೆ?"

ಅವನ ದೃಷ್ಟಿ ಅವಳ ತೋಳಿಗೆ ಅಂಟಿದ್ದ ನೀಲಿ ದಾರದ ಎಳೆಗೆ ಹೋಗಿ, ಬೆಂಕಿ ತಾಗಿದಂತೆ ಹಿಂದೆ ಸರಿಯಿತು.

"ಅವರು ಇಲ್ಲೇ ಇದ್ರೆ, ನಿಮ್ಮ ಹತ್ರ ಏನೂ ಹೇಳದೆ ಸುಮ್ನಿರ್ತೀನಿ ಅಂದ್ಕೊಂಡೆ."

ಅವಳು ತನ್ನನ್ನೇ ಕೇಳಿಕೊಂಡಳು: ಇದನ್ನು ಕೇಳಲೆಂದೇ ಬಂದೆನೇ? ಭಗವಂತಾ, ಇದೂ ನೀನು ಕೊಟ್ಟದ್ದೇ?

"ಸುಮ್ನಿರೋಕೆ ಆಯ್ತಾ?"

"ಇಲ್ಲ."

"ಹಾಗಾದ್ರೆ ಅವರೆದುರಿಗೇ ಹೇಳಿ. ಬೆನ್ನ ಹಿಂದಿನ ಮಾತು ನಾನು ಕೇಳಿಸ್ಕೊಳ್ಳೋದಿಲ್ಲ."

ಅವನು ಗುಂಡಿ ಒತ್ತಿದ. ಮೇಷ್ಟ್ರ ಉಸಿರು ಕೋಣೆಯನ್ನೆಲ್ಲ ತುಂಬಿತು. ನಿಧಾನವಾಗಿ ಏರಿತು, ಇಳಿಯಿತು. ಮೂಲೆಯ ಖಾಲಿ ಕುರ್ಚಿಯಲ್ಲಿ ಯಾರೋ ಕಾಲು ಚಾಚಿ ಕುಳಿತಂತಿತ್ತು. ಆ ಕುರ್ಚಿಯತ್ತ ತಿರುಗಿ, ಅವನೆಂದ: "ಮೇಷ್ಟ್ರೇ, ಇವರಂದ್ರೆ ನನಗೆ ಪ್ರಾಣ."

ಅವಳು ಕಣ್ಣು ಮುಚ್ಚಿ, ಪ್ರತಿಯೊಂದು ಉಸಿರನ್ನೂ ಕೊನೆಯ ತನಕ ಕೇಳಿದಳು. ನಿಮಿಷ ಮುಗಿಯಿತು. ಉಸಿರು ನಿಂತಿತು.



ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಇನ್ನೊಂದ್ಸಲ ಹೇಳಿ. ಈ ಸಲ ನನ್ನನ್ನ ನೋಡ್ಕೊಂಡು."