ಹೊಲಿಗೆ ಬಿಟ್ಟ ದಿನ

ಬೆಳಗ್ಗೆ ಎಂಟಕ್ಕೆ ನರ್ಸ್ ಪರದೆ ಸರಿಸಿದಳು. ಮೂರನೇ ಮಂಚದ ಗಡಿಯಾರ ರಿಪೇರಿಯವರ ಉಸಿರು ನಿಂತಿತ್ತು. ಅನ್ನನಾಳದ ಗೆಡ್ಡೆ ತೆಗೆದು, ಉಳಿದ ನಾಳವನ್ನು ಜಠರಕ್ಕೆ ಜೋಡಿಸಿ ಅಂದಿಗೆ ಎಂಟು ದಿನ.

ಸತ್ತವರ ತಮ್ಮನೇ ಪೊಲೀಸರನ್ನು ಕರೆಸಿದ.

"ಅತ್ತಿಗೇನೇ ಕೊಂದಿದ್ದು ಮೇಡಂ. ಗುಟುಕು ನೀರು ಬಿಟ್ಟು ಬೇರೇನೂ ಕೊಡಬೇಡಿ ಅಂದಿದ್ರು ಡಾಕ್ಟ್ರು. ನಿನ್ನೆ ಇವರು ಹಾಲು ಕುಡಿಸಿದ್ರು."

ಇನ್‌ಸ್ಪೆಕ್ಟರ್ ಆ ಹೆಂಗಸಿನ ಪಕ್ಕ ಬೆಂಚಿನ ಮೇಲೆ ಕೂತರು. "ಎಷ್ಟು ಕೊಟ್ರಿ ಅಮ್ಮ?"

"ನಾಲ್ಕು ಚಮಚ. ಬಾಯಿ ಒಣಗಿದೆ ಕಣೇ ಅಂತ ಗೋಗರೀತಿದ್ರು. ತಡೀಲಾಗ್ಲಿಲ್ಲ." ಆಕೆ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು.

*

ಸರ್ಜನ್ ಒಂದು ಫಿಲ್ಮನ್ನು ಬೆಳಕಿಗೆ ಹಿಡಿದರು.

"ಮೊನ್ನೆ, ಸೋರಿದ್ರೆ ಕಾಣೋ ಔಷಧಿ ಕುಡಿಸಿ ತೆಗೆದ ಎಕ್ಸ್‌ರೇ. ಎಲ್ಲೂ ಸೋರಿಲ್ಲ. ತೊಂಬತ್ತೆಂಟು ಆಪರೇಷನ್ ಮಾಡಿದೀನಿ, ಒಂದೂ ಸೋರಿಲ್ಲ. ಆಯಮ್ಮ ಎಲ್ಲಾ ಹಾಳು ಮಾಡಿದ್ರು."

ಇನ್‌ಸ್ಪೆಕ್ಟರ್ ಫಿಲ್ಮನ್ನು ಕೇಳಿ ಪಡೆದುಕೊಂಡರು.

*

ಮರುದಿನ ಪೋಸ್ಟ್‌ಮಾರ್ಟಂ ವರದಿ ಬಂತು. ಜೋಡಣೆ ಬಿಟ್ಟಿತ್ತು. ಎದೆಯ ತುಂಬ ಕೀವು. ನಾಲ್ಕು ದಿನದಷ್ಟಾದರೂ ಹಳೆಯದು.

ಇನ್‌ಸ್ಪೆಕ್ಟರ್ ನರ್ಸನ್ನು ಔಷಧಿ ಕೋಣೆಗೆ ಕರೆದರು.

"ನಿನಗೆ ಮೊದಲೇ ಗೊತ್ತಿತ್ತಾ?"

"ನಾಲ್ಕನೇ ದಿನಾನೇ ಜ್ವರ ಬಂತು ಮೇಡಂ. ಎದೆಗೆ ಹಾಕಿದ ಕೊಳವೇಲಿ ಬರೋ ನೀರು ಕದಡಿತ್ತು. ಡಾಕ್ಟ್ರಿಗೆ ಹೇಳಿದೆ. ಬಾಯ್ಮುಚ್ಚಿಕೊಂಡು ಕೆಲಸ ನೋಡು ಅಂದ್ರು. ಚಾರ್ಟಲ್ಲಿ ಬರೆದೆ. ಆ ಹಾಳೇನೇ ಈಗ ಇಲ್ಲ."

"ಜೋಡಣೆ ಮಾಡೋದು ಯಾವುದರಿಂದ?"

"ಈ ಹೊಲಿಗೆಗೆ ದಾರ ಅಲ್ಲ, ಸಣ್ಣ ಲೋಹದ ಪಿನ್ನುಗಳು. ಒಳಗೇ ಉಳೀತವೆ."

*

ಸರ್ಜನ್ ಮೇಜಿನ ಮೇಲೆ ಇನ್‌ಸ್ಪೆಕ್ಟರ್ ಅದೇ ಫಿಲ್ಮನ್ನಿಟ್ಟರು.

"ಪಿನ್ನುಗಳೆಲ್ಲಿ ಡಾಕ್ಟ್ರೇ?"

ಸರ್ಜನ್ ಫಿಲ್ಮನ್ನು ಮಗುಚಿಟ್ಟರು.

"ಲೋಹ ಬೆಳ್ಳಗೆ ಕಾಣಬೇಕು. ಇದು ಆಪರೇಷನ್ನೇ ಆಗದ ಬೇರೆ ಯಾರದೋ ಎಕ್ಸ್‌ರೇ. ಹೆಸರಿನ ಚೀಟಿ ಮಾತ್ರ ಇವರದು. ನಿಜವಾದ ಪರೀಕ್ಷೆ ಮಾಡಿಸಿದ್ರೆ ಸೋರಿಕೆ ಬಯಲಾಗ್ತಿತ್ತು. ಅದಕ್ಕೇ ಮಾಡಿಸಲಿಲ್ಲ. ಎಲ್ಲಾ ಸರಿಯಿದೆ ಅಂತ ತೋರಿಸೋಕೆ ಗುಟುಕು ನೀರು ಕುಡಿಸೋಕೂ ಒಪ್ಪಿದ್ರಿ. ನರ್ಸ್ ಹೇಳಿದ ದಿನವೇ ಎದೆ ತೆರೆದು ತೊಳೆದಿದ್ರೆ ಉಳೀತಿದ್ರೇನೋ."

ಸರ್ಜನ್ ಕನ್ನಡಕ ತೆಗೆದರು. "ತಾನಾಗೇ ಕೂಡಿಕೊಳ್ಳುತ್ತೆ ಅಂದ್ಕೊಂಡೆ. ಒಂದೂ ಸೋರದೆ ನೂರು ಆಪರೇಷನ್ ಮುಗಿಸೋಕೆ ಎರಡೇ ಬಾಕಿ ಇತ್ತು."

*

ಹೊರಗೆ ಇನ್‌ಸ್ಪೆಕ್ಟರ್ ಸತ್ತವರ ಹೆಂಡತಿಯ ಮುಂದೆ ನಿಂತರು.

"ಹಾಲು ಕೊಡೋ ಹೊತ್ತಿಗೆ ಹೊಲಿಗೆ ಬಿಟ್ಟು ಮೂರು ದಿನ ಆಗಿತ್ತು ಅಮ್ಮ. ತಪ್ಪು ನಿಮ್ಮದಲ್ಲ."

ಆಕೆ ತಲೆಯಾಡಿಸಿದರು. ಮೈದುನ ಹತ್ತಿರ ಬಂದು, "ಅತ್ತಿಗೆ..." ಎಂದ.

ಆಕೆ ಎದ್ದು, ಗಂಡನ ಚಪ್ಪಲಿಗಳನ್ನು ಕೈಗೆತ್ತಿಕೊಂಡು, ಅವನತ್ತ ನೋಡದೆ ಮೆಟ್ಟಿಲಿಳಿದರು.