ಬಟನ್‌ನ ಆಕಳಿಕೆ

"ಗುರ್ರ್!"

ಗುಬ್ಬಿ ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡಳು. ಬಟನ್ ಅವಳ ಮೇಲೆ ಗುರುಗುಟ್ಟಿತ್ತು. ನಾಯಿಮರಿಯಾಗಿದ್ದಾಗ ಚಮಚದಲ್ಲಿ ಹಾಲು ಕುಡಿಸಿದ ಅವಳ ಮೇಲೇ!

"ನಾನೇನ್ ಮಾಡ್ದೆ ಅಮ್ಮಾ? ಹಿಂಬಾಗಿಲ ಹತ್ರ ಕೂತು ಆಕಳಿಸ್ತಿದ್ದ. ಎತ್ಕೊಂಡ್ ಬಂದು ಚಾಪೆ ಮೇಲೆ ಮಲಗಿಸ್ದೆ, ಅಷ್ಟೇ."

ಅಮ್ಮ ಹೊಲಿಗೆ ಮೆಷಿನ್‌ನಿಂದ ತಲೆ ಎತ್ತಲಿಲ್ಲ. ನಲವತ್ತು ಯೂನಿಫಾರ್ಮ್ ಮುಗಿಯಬೇಕಿತ್ತು. ಅದಕ್ಕೆಂದೇ ಹೋದ ವಾರ ಕಾಲಲ್ಲಿ ತುಳಿಯುವ ಮೆಷಿನ್‌ಗೆ ಮೋಟಾರ್ ಹಾಕಿಸಿದ್ದರು. ಬಟನ್‌ನ ಚಾಪೆ ಮಾತ್ರ ಎಂದಿನಂತೆ ಮೆಷಿನ್ ಅಡಿಯಲ್ಲೇ ಇತ್ತು.

ಬಾಗಿಲಲ್ಲಿದ್ದ ಅಪ್ಪ ಎಲ್ಲ ನೋಡಿದ್ದರು. "ಇವತ್ತು ಗುರ್ ಅಂತು, ನಾಳೆ ಕಚ್ಚುತ್ತೆ. ಭಾನುವಾರ ನಿನ್ನ ಮಾವನ ಮನೇಲಿ ಬಿಟ್ಟು ಬರ್ತೀನಿ."

ಗುಬ್ಬಿಗೆ ಅಳು ಬಂತು. ತಲೆಬುಡ ಒಂದೂ ಅರ್ಥವಾಗಲಿಲ್ಲ. ಒಂದು ವಾರದಿಂದ ಬಟನ್‌ದು ಎಲ್ಲಾ ಉಲ್ಟಾ. ಆಕಳಿಸುತ್ತಿತ್ತು, ಮಲಗುತ್ತಿರಲಿಲ್ಲ. ತುಟಿ ನೆಕ್ಕಿಕೊಳ್ಳುತ್ತಿತ್ತು, ಬಿಸ್ಕತ್ ಕೊಟ್ಟರೆ ಮುಖ ತಿರುಗಿಸುತ್ತಿತ್ತು. ಒಂದು ಹನಿ ನೀರು ತಾಕದಿದ್ದರೂ ಸ್ನಾನ ಮಾಡಿದ ಹಾಗೆ ಮೈ ಕೊಡವುತ್ತಿತ್ತು.

ಮರುದಿನ ಸಂಜೆ ಹೋಮ್‌ವರ್ಕ್ ಬುಕ್ ಹಿಡಿದು ಬಟನ್ ಎದುರು ಕೂತಳು. ಒಂದಕ್ಷರವೂ ಬರೆಯಲಿಲ್ಲ. ಕಣ್ಣೆಲ್ಲ ಬಟನ್ ಮೇಲೆ.

ಝುರ್ರ್! ಮೋಟಾರ್ ಓಡಿತು. ಬಟನ್ ಕಿವಿ ಹಿಂದಕ್ಕೆ ಮಡಚಿ ದೊಡ್ಡದಾಗಿ ಆಕಳಿಸಿತು. ದಾರ ತುಂಡಾಗಿ ಮೋಟಾರ್ ನಿಂತಿತು. ಬಟನ್ ಮೈ ಕೊಡವಿತು.

"ಅಮ್ಮಾ, ಇನ್ನೊಂದ್ಸಲ ಓಡಿಸು!"

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ," ಎಂದು ಗೊಣಗುತ್ತಲೇ ಅಮ್ಮ ದಾರ ಪೋಣಿಸಿ ಓಡಿಸಿದರು.

ಝುರ್ರ್! ಮತ್ತೆ ಆಕಳಿಕೆ.

"ಅವನಿಗೆ ನಿದ್ದೆ ಅಲ್ಲಮ್ಮ, ಭಯ!"

ಗುಬ್ಬಿ ಮೆಷಿನ್ ಅಡಿಯ ಚಾಪೆ ನೋಡಿದಳು. ಆಕಳಿಸಿದಾಗಲೆಲ್ಲ ಅವನನ್ನು ಎತ್ತಿ ತಂದು ಅದೇ ಮೋಟಾರ್ ಕೆಳಗೆ ಮಲಗಿಸಿದ್ದು ಯಾರು? ಅವಳೇ. ಪಾಪ, ಎಷ್ಟು ಸಲ!

ಚಾಪೆ ಎಳೆದುಕೊಂಡು ಹೋಗಿ ಹಿಂಬಾಗಿಲ ಹತ್ತಿರ ಹಾಸಿದಳು. ಬಟನ್‌ನನ್ನು ಕರೆಯಲಿಲ್ಲ. ಅದು ಅಷ್ಟು ದೂರ ನಿಂತು ನೋಡಿತು. ಆಮೇಲೆ ಮೆಲ್ಲಗೆ ಬಂದು, ಮೂರು ಸುತ್ತು ತಿರುಗಿ, ಮುದುಡಿ ಮಲಗಿತು. ಒಳಗೆ ಮೋಟಾರ್ ಓಡಿದಾಗ ಒಂದು ಕಿವಿ ಎತ್ತಿತು, ಮತ್ತೆ ಇಳಿಸಿತು.

ಕೆಲಸದಿಂದ ಬಂದ ಅಪ್ಪನಿಗೆ ಗುಬ್ಬಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅಪ್ಪ ಬಗ್ಗಿ ನೋಡಿದರು.

"ಈಗ?"

"ಈಗ ನಿಜವಾದ ನಿದ್ದೆ."

"ಸರಿ, ಭಾನುವಾರದ ಮಾತು ಬಿಡು," ಎಂದ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ದಾಟಿ ಹೋದರು.

ಗುಬ್ಬಿಗೆ ಬಟನ್‌ನನ್ನು ಎತ್ತಿ ಗಟ್ಟಿಯಾಗಿ ಅಪ್ಪಿಕೊಳ್ಳಬೇಕು ಅನಿಸಿತು. ಕೈ ಮುಂದೆ ಹೋಯಿತು. ಅರ್ಧಕ್ಕೆ ನಿಲ್ಲಿಸಿ, ಕೈ ಮಡಿಲಲ್ಲಿ ಇಟ್ಟುಕೊಂಡು, ಅದಾಗಿಯೇ ಎದ್ದು ಬರಲಿ ಎಂದು ಕಾಯುತ್ತ ಕೂತಳು.