ನೋವಿಗೆ ಕಿವಿ ಇದೆ

"ಮಗುವಿಗೆ ಏನೂ ಆಗಿಲ್ಲ. ಆಗಿರೋದು ನಿನಗೆ."

ಅತ್ತೆ ಈ ಮಾತನ್ನು ದನಿಯೆತ್ತಿ ಹೇಳಲಿಲ್ಲ. ಒಣಗಿದ ಟವೆಲ್ಲನ್ನು ಕೊಡವಿ ಮಡಿಸುವಷ್ಟೇ ಸಲೀಸಾಗಿ ಹೇಳಿ, ಮಡಿಕೆಯ ಅಂಚನ್ನು ಉಗುರಿನಿಂದ ಗೀರಿ ನೇರ ಮಾಡಿದರು. ಇಸ್ತ್ರಿ ಅಂಗಡಿಯಲ್ಲಿ ನಿಂತು ನಿಂತು ಊರವರ ಬಟ್ಟೆಯ ಸುಕ್ಕು ತೆಗೆದು ಮಗನನ್ನು ಸಾಕಿದ ಕೈ ಅದು. ಮನೆಯಲ್ಲಿ ಯಾರ ಮುಖ ಸುಕ್ಕಾದರೂ ಅವರು ಸಹಿಸುತ್ತಿರಲಿಲ್ಲ. ಒಂದು ಬಿಸಿ ಮಾತಿನಲ್ಲಿ ಒತ್ತಿ ಚಪ್ಪಟೆ ಮಾಡಿಬಿಡುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆ ಹೊಲಿಗೆ ನಿಲ್ಲಿಸಿದಳು. ಅವಳ ಕಣ್ಣು ಹೊಸ್ತಿಲ ಬಳಿ ಕೂತು ಶೂ ಹಾಕಿಕೊಳ್ಳುತ್ತಿದ್ದ ಮಗಳ ಮೇಲಿತ್ತು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಜ್ಜಿಯೇ ಇಟ್ಟ ಹೆಸರು ಬಟಾಣಿ. ಈಗ ಐದು ವರ್ಷ. ಎಡಗಾಲಿಗೆ ಶೂ ಸರಾಗವಾಗಿ ಹೋಯಿತು. ಬಲಗಾಲನ್ನು ಮಡಿಸುವಾಗ ಮಾತ್ರ ಬಟಾಣಿ ಉಸಿರು ಬಿಗಿಹಿಡಿದು, ತನ್ನ ಅಂಗಿಯ ತೋಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಅಮ್ಮ ನೋಡುತ್ತಿರುವುದು ಗೊತ್ತಾದ ಕೂಡಲೇ ತೋಳನ್ನು ಬಿಟ್ಟು ನಕ್ಕಳು. ಕಚ್ಚಿದ ಜಾಗ ಒದ್ದೆಯಾಗಿತ್ತು.

ಮೊದಮೊದಲು ಬರೀ ಸಂಜೆ ಜ್ವರ. ದೀಪ ಹಚ್ಚುವ ಹೊತ್ತಿಗೆ ಮೈ ಬೆಚ್ಚಗಾಗುತ್ತಿತ್ತು, ಬೆಳಗಾಗುವಷ್ಟರಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಇಳಿದುಹೋಗುತ್ತಿತ್ತು. ಆಮೇಲೆ ನಿದ್ದೆಯಲ್ಲಿ ನರಳಾಟ. ಆಮೇಲೆ, ಯಾರೂ ನೋಡುತ್ತಿಲ್ಲ ಅನ್ನಿಸಿದಾಗ, ಬಲಗಾಲ ಹಿಮ್ಮಡಿ ನೆಲಕ್ಕೆ ತಾಗಿಸದೆ ಬೆರಳ ಮೇಲೆ ನಡೆಯುವುದು. ಎಲ್ಲಿ ನೋವು ಕಂದ ಅಂದರೆ ಎಲ್ಲೂ ಇಲ್ಲ. ಮುಟ್ಟಿ ನೋಡಲು ಹೋದರೆ ಮೀನಿನ ಹಾಗೆ ಜಾರಿ ಅಜ್ಜಿಯ ಬೆನ್ನ ಹಿಂದೆ. ಬಡಾವಣೆಯ ಡಾಕ್ಟರು ಸಿರಪ್ ಬರೆದುಕೊಟ್ಟು, ಕಡಿಮೆಯಾಗದಿದ್ದರೆ ದೊಡ್ಡಾಸ್ಪತ್ರೆಗೆ ಹೋಗಿ ಅಂದಿದ್ದರು. ದೊಡ್ಡಾಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಒಳಗೆ ಹೋದರೆ, ಬಟಾಣಿ ಡಾಕ್ಟರಮ್ಮನ ಮುಂದೆ ಗೋಡೆಯ ಮೇಲಿನ ಜಿರಾಫೆಯ ಚಿತ್ರಕ್ಕೆ ಬೆನ್ನು ಹಚ್ಚಿ ನಿಂತು ಎತ್ತರ ತೋರಿಸಿದಳು; ಕುಣಿ ಅಂದರೆ ಕುಣಿದಳು. ಮಂಡಿಯ ಎಕ್ಸ್‌ರೇ ತೆಗೆಸಿದರು, ಮಂಡಿ ಚೆನ್ನಾಗಿತ್ತು. ಬೆಳೆಯುವ ಮಕ್ಕಳಿಗೆ ಕಾಲು ಸೆಳೆಯುವುದು ಇದ್ದದ್ದೇ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಎರಡನೆಯ ಸಲ ಹೋದಾಗ ತಾಯಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನೀವು ಸರಿಯಾಗಿ ನಿದ್ದೆ ಮಾಡ್ತಿದ್ದೀರಾ ಎಂದು ಕೇಳಿದರು. ಅವರು ಕೆಟ್ಟವರಲ್ಲ. ಅವರ ಬಾಗಿಲ ಹೊರಗೆ ನಿಜವಾಗಿಯೂ ಅಳುತ್ತಿದ್ದ ಮಕ್ಕಳು ಸಾಲುಗಟ್ಟಿದ್ದವು. ನಗುತ್ತಿರುವ ಮಗುವಿಗೆ ಹಾಸಿಗೆ ಕೊಡಿ ಎಂದರೆ ಎಲ್ಲಿಂದ ತಂದಾರು?

ಆಸ್ಪತ್ರೆ ಈಕೆಗೆ ತವರುಮನೆ ಆಗಿಬಿಟ್ಟಿದೆ, ವಾರಕ್ಕೊಮ್ಮೆ ಹೋಗಿ ಬರದಿದ್ದರೆ ತಡೆಯೋಲ್ಲ ಎಂದು ಅತ್ತೆ ಪಕ್ಕದ ಮನೆಯವರ ಎದುರಿಗೇ ಹಂಗಿಸಿದರು. ಸೊಸೆ ಆ ಮಾತನ್ನೂ ನುಂಗಿಕೊಂಡಳು. ಆದರೆ ಒಂದು ಭಯವನ್ನು ನುಂಗಲಾಗಲಿಲ್ಲ. ಅತ್ತೆ ಹೇಳುವುದೇ ನಿಜವಿರಬಹುದೇ? ದಿಂಬಿನ ಕವರುಗಳನ್ನು ಹೊಲಿಯುತ್ತಾ ಹೊಲಿಯುತ್ತಾ ತನ್ನ ತಲೆಯೇ ಎಲ್ಲೋ ಹೊಲಿಗೆ ಬಿಟ್ಟಿದೆಯೇ? ಆದರೆ ಆ ಒದ್ದೆ ತೋಳು... ಅದನ್ನು ಅವಳು ತನ್ನ ಬೆರಳಿನಿಂದಲೇ ಮುಟ್ಟಿ ನೋಡಿದ್ದಳಲ್ಲ!

ಗಂಡ ಅವಳನ್ನು ನಂಬಿದ್ದ. ಗಾಜಿನ ಅಂಗಡಿಯಲ್ಲಿ ಕನ್ನಡಿ ಕತ್ತರಿಸುವವನು, ಮಾತು ಕಮ್ಮಿ. ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ಬೆರಳಲ್ಲಿ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತೆ, ಬಟಾಣಿಯ ನಗುವಿನ ಸದ್ದು ಸರಿಯಿಲ್ಲ ಕಣೇ ಎಂದು ಒಮ್ಮೆ ಹೆಂಡತಿಯ ಹತ್ತಿರ ಹೇಳಿದ್ದ. ಮೂರನೆಯ ಸಲ ಅವನೇ ರಜೆ ಹಾಕಿ ಮಗಳನ್ನು ಎತ್ತಿಕೊಂಡು ಹೋದ. ಡಾಕ್ಟರಮ್ಮ ಮತ್ತೆ ಅದೇ ಮಾತು ಹೇಳಿದಾಗ, ಹುಟ್ಟಿದಾಗಿನಿಂದ ಯಾರಿಗೂ ಎದುರಾಡದ ಆ ಮನುಷ್ಯ ಮೇಜು ಗುದ್ದಿದ. ನನ್ನ ಮಗಳು ಬಿದ್ದು ಹೋದಮೇಲೆ ನಂಬ್ತೀರಾ ಎಂದು ಕೂಗಿದ. ಕಾವಲಿನವರು ಬಂದು ರಟ್ಟೆ ಹಿಡಿದು ಗೇಟಿನವರೆಗೂ ನಡೆಸಿಕೊಂಡು ಬಂದರು. ಇನ್ನು ನಿಮ್ಮನ್ನು ಒಳಗೆ ಬಿಡುವುದಿಲ್ಲ ಎಂದರು. ಮನೆಗೆ ಬಂದವನು ಮಹಡಿ ಮೆಟ್ಟಿಲ ಮೇಲೆ ತಲೆ ಕೆಳಗೆ ಹಾಕಿ ಕೂತುಬಿಟ್ಟ.

"ನಾನೇ ಕೆಡಿಸಿಬಿಟ್ಟೆ," ಅಂದ. "ಇನ್ನೊಂದು ಸಲ ನೀನೇ ಹೋಗು. ಅಮ್ಮನ್ನ ಕರ್ಕೊಂಡು ಹೋಗು. ಅಮ್ಮ, ಹೋಗ್ತೀಯಾ?"

ಮಗ ಹಾಗೆ ಬೇಡಿದ್ದು ಅತ್ತೆಗೆ ಹೊಸದು. ಅವರು ಹೊರಗೆ ಹೋಗುವ ಚಪ್ಪಲಿಯನ್ನು ಒರೆಸಿಟ್ಟರು.

ಆಸ್ಪತ್ರೆಯ ಕಾಯುವ ಹಜಾರದಲ್ಲಿ ಸ್ಟೀಲಿನ ಬೆಂಚುಗಳು, ಫಿನಾಯಿಲಿನ ವಾಸನೆ, ಸಂಖ್ಯೆ ಕೂಗುವ ಗಡಸು ದನಿ. ಅತ್ತೆ ಗೋಡೆಯ ಪಕ್ಕದ ಜಾಗವೇ ಬೇಕೆಂದು ಹಟ ಹಿಡಿದು ಅಲ್ಲಿ ಕೂತರು. ಬಟಾಣಿ ನೀರು ಕುಡಿದು ಬರುತ್ತೇನೆಂದು ಮೂಲೆಯ ನಲ್ಲಿಯ ಕಡೆ ಹೋದಳು. ಕಂಬದ ಮರೆಗೆ ಹೋದ ಕೂಡಲೇ ಅವಳ ನಡಿಗೆ ಬದಲಾಯಿತು. ಬಲಗಾಲು ಎಳೆಯುತ್ತಾ, ಒಂದು ಕೈಯಲ್ಲಿ ಗೋಡೆ ಸವರುತ್ತಾ, ಮುದುಕಿಯ ಹಾಗೆ ನಡೆದಳು. ಎದುರಿನಿಂದ ನರ್ಸ್ ಬಂದದ್ದೇ ತಡ, ಗೋಡೆ ಬಿಟ್ಟು ಪುಟಪುಟನೆ ಕುಪ್ಪಳಿಸಿದಳು. ತಾಯಿ ಕಂಬದ ಈಚೆ ನಿಂತು ಎರಡನ್ನೂ ಕಂಡಳು. ಓಡಿಹೋಗಿ ಮಗಳ ಮುಂದೆ ಮಂಡಿಯೂರಿ ಕೂತಳು. ಬೈಯಲಿಲ್ಲ. ಅಮ್ಮನಿಗೆ ಮಾತ್ರ ಹೇಳು ಬಂಗಾರ, ಕಾಲಿಗೆ ಏನಾಗಿದೆ ಎಂದು ಪಿಸುದನಿಯಲ್ಲಿ ಕೇಳಿದಳು. ಬಟಾಣಿ ಗಾಬರಿಯಿಂದ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮುಚ್ಚಿಹಿಡಿದಳು, ಮಲಗಿರುವ ಮಗುವಿನ ಕಿವಿ ಮುಚ್ಚುವ ಹಾಗೆ.

"ಶ್... ಅದಕ್ಕೆ ಕೇಳಿಸುತ್ತೆ."

"ಯಾವುದಕ್ಕೆ?"

"ನೋವಿಗೆ. ನೋವಿಗೆ ಕಿವಿ ಇದೆಯಂತೆ ಅಮ್ಮ. ನಾವು ಅದರ ಹೆಸರು ಹೇಳಿದ್ರೆ, ಓ ನನ್ನನ್ನ ಕರೀತಿದಾರೆ ಅಂತ ಇಲ್ಲೇ ಮನೆ ಕಟ್ಕೊಂಡು ಕೂತ್ಬಿಡುತ್ತೆ. ಸುಮ್ನೆ ನಗ್ತಾ ಇದ್ರೆ ಬೇಜಾರಾಗಿ ಎದ್ದು ಹೋಗುತ್ತೆ. ಅಜ್ಜಿ ಹೇಳಿದಾಳೆ."

ಸೊಸೆ ತಿರುಗಿ ನೋಡಿದಳು. ಇಷ್ಟು ದಿನ ಹಂಗಿಸಿದ್ದಕ್ಕೆ ಕೊಡಬೇಕಿದ್ದ ಉತ್ತರಗಳೆಲ್ಲ ಒಟ್ಟಿಗೇ ನಾಲಿಗೆಗೆ ಬಂದಿದ್ದವು. ಆದರೆ ಬೆಂಚಿನಿಂದ ಎದ್ದು ಬಂದು ಹಿಂದೆ ನಿಂತಿದ್ದ ಅತ್ತೆಯ ಮುಖ ಕಂಡು ಒಂದೂ ಹೊರಡಲಿಲ್ಲ. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಅದು ನಿನ್ನ ಗಂಡನಿಗೆ ಕಟ್ಟಿದ ಕಥೆ ಎಂದು ಅತ್ತೆ ತಡವರಿಸಿದರು. ಅವನು ಚಿಕ್ಕವನಿದ್ದಾಗ ಕಿವಿನೋವು ಅಂತ ಕಿರುಚುತ್ತಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅಂಗಡಿಗೆ ಹೋಗದಿದ್ದರೆ ಆವತ್ತು ಒಲೆ ಉರಿಯುತ್ತಿರಲಿಲ್ಲ. ಒಳಗೆ ಕೂಡಿ ಬೀಗ ಹಾಕಿ ಹೋಗುವಾಗ ಅವನು ಅಳಬಾರದೆಂದು ಬಾಗಿಲ ಸಂದಿಯಿಂದ ಹೇಳಿದ ಕಥೆ ಅದು.

"ನೋವು ಅಂತ ಹೇಳ್ಕೊಂಡ್ರೆ ಕೇಳೋಕೆ ಯಾರಿದ್ರು ಹೇಳು? ಅದಕ್ಕೇ ನೋವಿಗೇ ಕಿವಿ ಕೊಟ್ಟೆ..."

ತಾಯಿ ಮಗಳ ಗಲ್ಲ ಹಿಡಿದು ಬೇಡಿಕೊಂಡಳು. ಅದು ಬರೀ ಕಥೆ ಪುಟ್ಟ, ಡಾಕ್ಟರ್ ಹತ್ತಿರ ಹೇಳಿದರೆ ಓಡಿಸಿಬಿಡುತ್ತಾರೆ ಅಂದಳು. ಬಟಾಣಿ ಒಲ್ಲೆನೆಂದು ತಲೆಯಾಡಿಸಿದಳು. ಅವಳ ಲೆಕ್ಕ ಅವಳಿಗೆ ಪಕ್ಕಾ ಇತ್ತು. ಅಮ್ಮ ತಲೆನೋವು ಅಂತಾಳೆ, ಅಮ್ಮನಿಗೆ ತಲೆನೋವು ಬರುತ್ತೆ. ಅಪ್ಪ ಬೆರಳು ಕುಯ್ಯಿತು ಅಂತಾನೆ, ಅಪ್ಪನ ಬೆರಳು ಕುಯ್ಯುತ್ತೆ. ಅಜ್ಜಿ ಏನೂ ಅನ್ನೋದೇ ಇಲ್ಲ, ಅದಕ್ಕೇ ಅಜ್ಜಿಗೆ ಒಂದು ಸಲವೂ ನೋವೇ ಬಂದಿಲ್ಲ. ಅಷ್ಟರಲ್ಲಿ ಅವರ ಸಂಖ್ಯೆ ಕೂಗಿದರು.

ಡಾಕ್ಟರಮ್ಮ ಇವರನ್ನು ಕಂಡು ಕಣ್ಣುಜ್ಜಿಕೊಂಡರು. ಸೊಸೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು: ಕಂಬದ ಮರೆಯ ನಡಿಗೆ, ಕಥೆ, ಮುಚ್ಚಿಹಿಡಿದ ಅಂಗೈ. ಕೇಳುವವರಿಗೆ ಅದೂ ಒಂದು ಕಥೆಯ ಹಾಗೇ ಕೇಳಿಸುತ್ತಿದೆಯೆಂದು ಹೇಳುತ್ತಿರುವಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ನೋವಿದೆಯಾ ಮರಿ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ, ಬಟಾಣಿ ನಕ್ಕಳು. ಕಾಲನ್ನು ಅಲ್ಲಿಲ್ಲಿ ಒತ್ತಿದರು. ಬಟಾಣಿ ನಗುತ್ತಲೇ ಇದ್ದಳು, ಮೇಲ್ದುಟಿಯ ಮೇಲೆ ಮಾತ್ರ ಬೆವರ ಹನಿ ಮೂಡಿತು. ಡಾಕ್ಟರಮ್ಮ ನಿಟ್ಟುಸಿರಿಟ್ಟು, ವಾರ್ಡಿನಲ್ಲಿ ಒಂದು ಹಾಸಿಗೆಯಲ್ಲಿ ಇಬ್ಬರು ಮಕ್ಕಳನ್ನು ಮಲಗಿಸಿದ್ದೇವೆ, ಒಂದು ತಿಂಗಳು ನೋಡಿ ಆಮೇಲೆ ಬನ್ನಿ ಎನ್ನುತ್ತಾ ಮುಂದಿನವರನ್ನು ಕರೆಯುವ ಗಂಟೆಯ ಕಡೆ ಕೈ ಚಾಚಿದರು. ಒಂದು ತಿಂಗಳು!

ಆಗ ಅತ್ತೆ ಎದ್ದರು. ಮೇಜನ್ನು ಹಿಡಿದು, ಗೋಡೆಯನ್ನು ಹಿಡಿದು, ಮಕ್ಕಳನ್ನು ಪರೀಕ್ಷಿಸುವ ಆ ಪುಟ್ಟ ಮಂಚದ ಹತ್ತಿರ ಹೋಗಿ ಹತ್ತಿ ಕೂತರು. ಹತ್ತುವಾಗ ಅವರ ಬಾಯಿಂದ ಒಂದು ಸದ್ದು ಬಂತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಸೊಸೆ ಕೇಳದ ಸದ್ದು.

"ಅಜ್ಜಿ, ಇದು ಮಕ್ಕಳ ವಿಭಾಗ," ಅಂದರು ಡಾಕ್ಟರಮ್ಮ.

"ಗೊತ್ತಮ್ಮ. ನಾನು ಹೇಳ್ತಿರೋದು ಮಗುಗೇ."

ಅತ್ತೆ ಮೊಣಕಾಲಿನವರೆಗೆ ಬಟ್ಟೆ ಸರಿಸಿದರು. ಮಂಡಿ ಊದಿಕೊಂಡು, ಚರ್ಮ ಬಿಗಿದು ಹೊಳೆಯುತ್ತಿತ್ತು. ಅದರ ಮೇಲೂ ಕೆಳಗೂ ಹಳೆಯ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು. ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. ಗೋಡೆಯ ಪಕ್ಕದ ಜಾಗವೇ ಬೇಕೆನ್ನುತ್ತಿದ್ದ ಹಟ, ಮಹಡಿಗೆ ಬಟ್ಟೆ ಒಣಹಾಕಲು ನೀನೇ ಹೋಗು ಎನ್ನುತ್ತಿದ್ದ ಗಡಸುತನ, ಸ್ನಾನಕ್ಕೆ ಹೋದರೆ ಗಂಟೆಗಟ್ಟಲೆ ತೆರೆಯದ ಬಾಗಿಲು... ಅದನ್ನೆಲ್ಲ ತಾನು ಜಂಬವೆಂದುಕೊಂಡಿದ್ದಳಲ್ಲ!

"ಬಟಾಣಿ, ಇಲ್ಲಿ ನೋಡು. ಅಜ್ಜಿಗೆ ನೋವು. ಇಲ್ಲಿ. ನಿಂತರೂ ನೋವು, ಕೂತರೂ ನೋವು. ನೀನು ಹುಟ್ಟೋಕಿಂತ ಮುಂಚಿಂದ ಇದೆ. ನಾನು ಹೆಸರು ಹೇಳಲಿಲ್ಲ, ನಗ್ತಾನೇ ಇದ್ದೆ. ಅದು ಹೋಗಲಿಲ್ಲ ಕಂದ. ಹೇಳದೇ ಇದ್ದಿದ್ದಕ್ಕೇ ಹಾಯಾಗಿ ಮನೆ ಕಟ್ಕೊಂಡು ಕೂತಿದೆ. ಅಜ್ಜಿ ಕಥೆ ತಪ್ಪು."

ಬಟಾಣಿ ಹತ್ತಿರ ಹೋಗಿ ಒಂದು ಬೆರಳಿನಿಂದ ಆ ಮಂಡಿಯನ್ನು ಮುಟ್ಟಿದಳು.

"ಅಳು ಬರುತ್ತಾ ಅಜ್ಜಿ?"

"ಬರುತ್ತೆ."

ಬಂದೇ ಬಂತು. ಗಂಡ ತೀರಿಕೊಂಡಾಗಲೂ ನಾಲ್ಕು ಜನರ ಮುಂದೆ ಕಣ್ಣೀರು ಹಾಕದ ಹೆಂಗಸು, ಮಕ್ಕಳ ಮಂಚದ ಮೇಲೆ ಕೂತು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಡಾಕ್ಟರಮ್ಮನ ಕೈ ಗಂಟೆಯ ಮೇಲೆ ಹಾಗೇ ನಿಂತಿತು. ಬಟಾಣಿ ಅಜ್ಜಿಯ ಕಣ್ಣನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಅವಳ ತುಟಿ ಅದುರತೊಡಗಿತು. ಆಮೇಲೆ ಮೆಲ್ಲಗೆ ತನ್ನ ಕೈಯನ್ನು ಮಂಡಿಯ ಮೇಲಲ್ಲ, ತೀರಾ ಮೇಲೆ, ಸೊಂಟಕ್ಕೆ ತೊಡೆ ಸೇರುವ ಸಂದಿನಲ್ಲಿಟ್ಟಳು.

"ನಂಗೂ... ಇಲ್ಲಿ."

ಡಾಕ್ಟರಮ್ಮ ಎದ್ದು ಬಂದರು. ಅಜ್ಜಿಯ ಪಕ್ಕದಲ್ಲೇ ಮಗುವನ್ನು ಮಲಗಿಸಿ, ಕಾಲನ್ನು ಎತ್ತಿ ಒಳಕ್ಕೆ ಸ್ವಲ್ಪವೇ ಸ್ವಲ್ಪ ತಿರುಗಿಸಿದರು. ಬಟಾಣಿ ಚೀರಿದಳು. ಎಷ್ಟು ದಿನಗಳಿಂದ ಬಚ್ಚಿಟ್ಟಿದ್ದಳೋ, ಆ ಚೀರಾಟಕ್ಕೆ ಹೊರಗಿನ ಹಜಾರ ಗಪ್‌ಚುಪ್ಪಾಯಿತು. ಡಾಕ್ಟರಮ್ಮ ಕಾಲನ್ನು ಹೂವಿನಂತೆ ಕೆಳಗಿಟ್ಟು ಫೋನೆತ್ತಿಕೊಂಡರು. ಮಾತಾಡುವಾಗ ಅವರ ದನಿ ಬೇರೆಯೇ ಆಗಿತ್ತು. ಸ್ಕ್ಯಾನು, ರಕ್ತ, ಮೂಳೆ ಡಾಕ್ಟರು, ಎಲ್ಲ ಈಗಲೇ. ಸೊಂಟದ ಕೀಲಿನೊಳಗೆ ಕೀವು ತುಂಬಿತ್ತು. ಇನ್ನು ಕೆಲವು ದಿನ ತಡವಾಗಿದ್ದರೆ ಕಾಲು ಜೀವಮಾನಪೂರ್ತಿ ಕುಂಟುತ್ತಿತ್ತು, ಅದಕ್ಕಿಂತ ಹೆಚ್ಚಿನದೂ ಆಗಬಹುದಿತ್ತು ಎಂದು ಆಮೇಲೆ ಹೇಳಿದರು. ಸೊಸೆಯ ಭುಜ ಹಿಡಿದು ಇನ್ನೊಂದು ಮಾತನ್ನೂ ಹೇಳಿದರು.

"ನೀವು ಮೊದಲಿಂದ ಹೇಳಿದ್ದೇ ಸರಿ. ನಾನು ನಿಮ್ಮ ಮಾತು ಕೇಳಬೇಕಿತ್ತು."

ಮಧ್ಯಾಹ್ನವೇ ಆಪರೇಷನ್. ಗಂಡ ಗಾಜಿನ ಪುಡಿ ಹತ್ತಿದ ಅಂಗಿಯಲ್ಲೇ ಓಡಿ ಬಂದ. ಡಾಕ್ಟರಮ್ಮನೇ ಗೇಟಿಗೆ ಹೇಳಿ ಕಳಿಸಿದ್ದರಿಂದ ಈ ಸಲ ಯಾರೂ ತಡೆಯಲಿಲ್ಲ. ಥಿಯೇಟರಿನ ಮುಂದೆ ಮೂವರೂ ಒಂದೇ ಬೆಂಚಿನಲ್ಲಿ ಕೂತರು. ನಡುವೆ ಅತ್ತೆ. ಅವರು ನೆಲ ನೋಡುತ್ತಲೇ, ನನ್ನನ್ನು ಬೈದುಬಿಡು, ಎದೆಯಲ್ಲಿ ಇಟ್ಟುಕೊಳ್ಳಬೇಡ ಅಂದರು.

"ಬೈತೀನಿ ಅತ್ತೆ," ಅಂದಳು ಸೊಸೆ. "ಖಂಡಿತ ಬೈತೀನಿ. ಅವಳು ಎದ್ದೇಳಲಿ."

ಸಂಜೆ ಬಟಾಣಿ ಎದ್ದಳು. ಎದ್ದವಳು ಅಮ್ಮ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ. ನೋವು ಅಂದಳು. ಕೈಗೆ ಚುಚ್ಚಿದ ಸೂಜಿ ನೋವು, ಕಾಲು ನೋವು, ದಿಂಬು ಗಟ್ಟಿ, ನರ್ಸಿನ ಕೈ ತಣ್ಣಗೆ ಎಂದು ರಾಗ ಎಳೆದು ಎಳೆದು ಅತ್ತಳು. ಅಕ್ಕಪಕ್ಕದ ಹಾಸಿಗೆಯವರು ಇಣುಕಿ ನೋಡಿದರು. ಅಪ್ಪ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ, ತಾಯಿ ನಗುತ್ತಾ ಅಳುತ್ತಿದ್ದಳು. ಅತ್ತೆ ಮೊಮ್ಮಗಳ ತಲೆಯ ಹತ್ತಿರ ನಿಂತು, ಅವಳು ಹೇಳಿದ ಒಂದೊಂದಕ್ಕೂ ಹೌದಾ ಕಂದ, ಇನ್ನೆಲ್ಲಿ, ಇನ್ನೆಲ್ಲಿ ಎಂದು ಕೇಳುತ್ತಿದ್ದರು.

ಮಗು ಮತ್ತೆ ನಿದ್ದೆಗೆ ಜಾರಿದ ಮೇಲೆ, ಅಪ್ಪನನ್ನು ಕಾವಲಿಗೆ ಬಿಟ್ಟು, ಬಟ್ಟೆಬರೆ ತರಲು ಅತ್ತೆ-ಸೊಸೆ ಮನೆಗೆ ಹೊರಟರು. ಸೊಸೆ ಅಭ್ಯಾಸಬಲದಿಂದ ಆಸ್ಪತ್ರೆಯ ಮೆಟ್ಟಿಲನ್ನು ಮುಂದೆ ಮುಂದೆ ಇಳಿದಳು. ಅರ್ಧಕ್ಕೆ ಬಂದಮೇಲೆ ಹಿಂದೆ ಹೆಜ್ಜೆಯ ಸಪ್ಪಳವಿಲ್ಲವೆಂದು ತಿರುಗಿದಳು. ಅತ್ತೆ ಮೇಲಿನ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತಿದ್ದರು. ಮುಖ ಆಚೆ ತಿರುಗಿಸಿಕೊಂಡರು. ಸೊಸೆ ಅವಸರ ಮಾಡಲಿಲ್ಲ, ಕಾದಳು.

"ಇಳಿಯೋಕೆ ಆಗ್ತಿಲ್ಲ ಕಣೆ," ಅಂದರು ಅತ್ತೆ ಕೊನೆಗೆ, ತೀರಾ ಮೆಲ್ಲಗೆ. "ನೋಯ್ತಿದೆ."

ಸೊಸೆ ಮೆಟ್ಟಿಲು ಹತ್ತಿ ಹೋಗಿ, ಆ ಗಟ್ಟಿಗಿತ್ತಿಯ ಹಗುರ ಮೈಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.